ಚೌಕಿಯಿಲ್ಲದ ವೇಷ

ಆಟಿ ತಿಂಗಳ ಮಳೆ ಹಿಡಿದರೆ ಅಜ್ಜನ ಮನೆಯ ಜಗಲಿಯಲ್ಲಿ ಇಸ್ಪೀಟು ಶುರುವಾಗುತ್ತಿತ್ತು. ತೋಟಕ್ಕೆ ಇಳಿಯುವಂತಿಲ್ಲ, ಪೇಟೆಗೆ ಹೋಗುವಂತಿಲ್ಲ. ನಾಲ್ವರು ಮಾವಂದಿರು ಚಾಪೆ ಹಾಸಿ ಕುಳಿತರೆಂದರೆ ಮೂರು ಸಲ ಚಹಾ ಬಂದು ಹೋದರೂ ಏಳುತ್ತಿರಲಿಲ್ಲ. ಆಟ ಯಾವಾಗಲೂ ಇಪ್ಪತ್ತೆಂಟು. ಅದರಲ್ಲಿ ಗುಲಾಮನೇ ದೊಡ್ಡವನು. ರಾಜ ರಾಣಿಯರಿಗೆ ಬೆಲೆಯೇ ಇಲ್ಲ. ಬೇಕಾದ್ದು 32 ಎಲೆ, ಏಳರಿಂದ ಮೇಲಿನವು. ಎರಡು, ಮೂರು, ನಾಲ್ಕು ಎಂಬ ಬಡಪಾಯಿಗಳೆಲ್ಲ ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದವು. ಅವುಗಳ ಜೊತೆಗೆ ಜೋಕರನೂ ಉಳಿಯುತ್ತಿದ್ದ. ದೊಡ್ಡವರಿಗೆ ಬೇಡವಾದದ್ದು ಮಕ್ಕಳ ಪಾಲು. ಹಾಗೆ ಅವನು ನನ್ನ ಕೈಸೇರಿದ.

ಕೋಡುಕೋಡಾದ ಟೊಪ್ಪಿ, ಅದರ ತುದಿಗೆ ಗೆಜ್ಜೆ, ಮೂತಿ ಸುರುಳಿಸಿದ ಚಪ್ಪಲಿ, ಕಿವಿಯಿಂದ ಕಿವಿಗೆ ನಗು. ರಾಜ, ರಾಣಿ, ಗುಲಾಮ ಮೂವರೂ ಮದುವೆಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ ಬಿಗಿದುಕೊಂಡಿರುವಾಗ ಇವನೊಬ್ಬನಿಗೆ ಏನು ಖುಷಿ ಎಂದು ನನಗೆ ತಿಳಿಯುತ್ತಿರಲಿಲ್ಲ. ಇಸ್ಪೀಟು, ಆಟೀನು, ಡೈಮಂಡು, ಕಳಾವರು ಎಂಬ ನಾಲ್ಕು ಕುಲಗಳಲ್ಲಿ ಯಾವುದಕ್ಕೂ ಸೇರಿದವನಲ್ಲ. ಒಂದು ವರ್ಷ ಇಸ್ಪೀಟಿನ ಏಳು ಎಲ್ಲೋ ಕಳೆದುಹೋಯಿತು. ಹೊಸ ಕಟ್ಟು ತರಲು ಪೇಟೆಗೆ ಹೋಗುವವರು ಯಾರು? ಕಿರಿಯ ಮಾವ ನನ್ನ ಕೈಯಿಂದ ಜೋಕರನನ್ನು ಕಿತ್ತುಕೊಂಡು ಬಾಲ್‌ಪೆನ್ನಿನಲ್ಲಿ ಅವನ ಹೊಟ್ಟೆಯ ಮೇಲೆ ‘ಇ 7’ ಎಂದು ಬರೆದ. ಅಂದಿನಿಂದ ಅವನು ಏಳು. ಎಲ್ಲರಿಗಿಂತ ಸಣ್ಣ ಎಲೆಯಾಗಿ ಕೈಯಿಂದ ಕೈಗೆ ಹೋಗುತ್ತಾ, ಅದೇ ನಗು ನಗುತ್ತಾ ಇದ್ದ.

ಅವನನ್ನು ನಾನು ಮತ್ತೆ ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಪುಸ್ತಕದ ಅಂಗಡಿಯೊಂದರಲ್ಲಿ. ಮೊದಮೊದಲ ಬ್ಯಾಟ್‌ಮ್ಯಾನ್ ಚಿತ್ರಕಥೆಗಳನ್ನು ಒಟ್ಟಿಗೆ ಮರುಮುದ್ರಿಸಿದ ದಪ್ಪ ಪುಸ್ತಕ. ಮೂಲೆ ಮಡಚಿತ್ತು, ಹಾಗಾಗಿ ಅಗ್ಗ. ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ. ಒಂದು ವರ್ಷದೊಳಗೆ ಅವನದೇ ಹೆಸರಿನ ಪತ್ರಿಕೆ ಹೊರಡಿಸುವಷ್ಟು ಓದುಗರಾದರು. 1940ರ ವಸಂತ ಋತುವಿನ ಆ ಮೊದಲ ಸಂಚಿಕೆಯ ಬೆಲೆ ಹತ್ತು ಸೆಂಟು. ಆ ಹೊತ್ತಿಗೆ ಬ್ಯಾಟ್‌ಮ್ಯಾನನ ಊರಿಗೆ ಗಾಥಮ್ ಎಂಬ ಹೆಸರು ಕೂಡ ಬಿದ್ದಿರಲಿಲ್ಲ. ಅದು ಬಂದದ್ದು ಅದೇ ವರ್ಷದ ಕೊನೆಗೆ. ಊರಿಗೆ ನಾಮಕರಣವಾಗುವ ಮೊದಲೇ ಊರು ಹಾಳುಮಾಡುವವನು ಬಂದಿದ್ದ.

ಅವನು ಬಂದ ರೀತಿಯನ್ನು ನಾನು ಆ ಅಂಗಡಿಯಲ್ಲಿ ನಿಂತೇ ಎರಡು ಸಲ ಓದಿದೆ. ಬಾಗಿಲು ಒಡೆದು ಬರಲಿಲ್ಲ, ಕಿಟಕಿ ಹಾರಿ ಬರಲಿಲ್ಲ. ರೇಡಿಯೋದಲ್ಲಿ ಬಂದ. ಸಂಜೆ ಹೊತ್ತು, ಮನೆಮಂದಿ ಹಾಡು ಕೇಳುತ್ತಾ ಕುಳಿತಿದ್ದಾರೆ. ನಡುವೆ ಒಂದು ದನಿ ತೂರಿಕೊಂಡು, ಈ ರಾತ್ರಿ ಸರಿಯಾಗಿ ಹನ್ನೆರಡಕ್ಕೆ ಕ್ಲಾರಿಜ್ ಎಂಬ ಸಿರಿವಂತನನ್ನು ಕೊಲ್ಲುತ್ತೇನೆ, ಅವನ ವಜ್ರ ಕದಿಯುತ್ತೇನೆ ಎಂದು ಸಾರುತ್ತದೆ. ಕೇಳಿದವರಿಗೆ ಇದು ತಮಾಷೆ ಎನಿಸುತ್ತದೆ. ಅದಕ್ಕೂ ಕಾರಣವಿತ್ತು. 1938ರ ಅಕ್ಟೋಬರ್ ಕೊನೆಯಲ್ಲಿ ಆರ್ಸನ್ ವೆಲ್ಸ್ ಎಂಬ ತರುಣ ನಟ ಮಂಗಳ ಗ್ರಹದವರು ದಾಳಿಯಿಟ್ಟ ಕಥೆಯನ್ನು ರೇಡಿಯೋ ವಾರ್ತೆಯ ಧಾಟಿಯಲ್ಲಿ ಆಡಿ ಅಮೆರಿಕದ ಕೇಳುಗರನ್ನು ಬೆಚ್ಚಿಬೀಳಿಸಿದ್ದ. ಒಮ್ಮೆ ಬಿದ್ದ ಜನ ಈಗ ಹುಷಾರು: ಇದೂ ಹಾಗೇ ಇರಬೇಕು ಎಂದು ನಕ್ಕರು. ಜೋಕರ್ ಅವರ ನಗುವಿನ ಹಿಂದೆಯೇ ಅಡಗಿ ಒಳಗೆ ಬಂದ.

ನಮ್ಮಲ್ಲಿ ಕಳ್ಳ ಹೇಳಿ ಬರುವುದಿಲ್ಲ, ಸಾವು ಕೇಳಿ ಬರುವುದಿಲ್ಲ. ಇವನೋ ಎರಡನ್ನೂ ಗಂಟೆ ಸಮೇತ ಹೇಳುತ್ತಾನೆ. ಕ್ಲಾರಿಜನ ಮನೆಯ ಸುತ್ತ ಪೊಲೀಸರ ಸರ್ಪಗಾವಲು. ಗಡಿಯಾರ ಹನ್ನೆರಡು ಹೊಡೆಯುತ್ತದೆ. ಯಾರೂ ಒಳಗೆ ಬಂದಿಲ್ಲ, ಯಾರೂ ಹೊರಗೆ ಹೋಗಿಲ್ಲ. ಕ್ಲಾರಿಜ್ ಕುಸಿದು ಬೀಳುತ್ತಾನೆ. ಹೋದ ಜೀವಕ್ಕಿಂತ ಉಳಿದ ಮುಖವೇ ಭಯಂಕರ. ಸತ್ತವನ ತುಟಿ ಹಿಗ್ಗಿ ಹಿಗ್ಗಿ ನಗುವಾಗಿ ನಿಂತಿದೆ. ಪೆಟ್ಟಿಗೆ ತೆರೆದರೆ ವಜ್ರದ ಜಾಗದಲ್ಲಿ ಗಾಜು, ಒಂದು ಜೋಕರ್ ಎಲೆ. ಗುಟ್ಟು ಆಮೇಲೆ ತಿಳಿಯುತ್ತದೆ: ಅವನು ಹಿಂದಿನ ರಾತ್ರಿಯೇ ಬಂದು ವಜ್ರ ಎತ್ತಿ, 24 ಗಂಟೆಯ ಮೇಲೆ ಏರುವ ವಿಷವನ್ನು ಮಲಗಿದವನ ಮೈಗೆ ಸೇರಿಸಿ ಹೋಗಿದ್ದ. ಎಲ್ಲ ಮುಗಿಸಿ ಮನೆಗೆ ಹೋಗಿ, ಆಮೇಲೆ ನಿಧಾನವಾಗಿ ರೇಡಿಯೋದಲ್ಲಿ ‘ಮಾಡುತ್ತೇನೆ’ ಎಂದಿದ್ದ.

ಜೋಕರನನ್ನು ಎಲ್ಲರೂ ಅರಾಜಕತೆಯ ಅವತಾರ ಎನ್ನುತ್ತಾರೆ. ಆದರೆ ಈ ಮೊದಲ ಕಥೆಯನ್ನು ಓದಿದರೆ ನನಗೆ ನಗು ಬರುತ್ತದೆ. ಇಷ್ಟು ಸಮಯಪಾಲನೆ ಮಾಡುವ ಮನುಷ್ಯನನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಇಂಥವನ ಮನೆ, ಇಂಥ ರತ್ನ, ಇಷ್ಟು ಗಂಟೆ ಎಂದು ಮೊದಲೇ ಪಟ್ಟಿ. ಒಂದು ನಿಮಿಷ ಆಚೀಚೆ ಇಲ್ಲ. 2008ರ ‘ದ ಡಾರ್ಕ್ ನೈಟ್’ ಸಿನಿಮಾದಲ್ಲಿ ಅವನು ತನಗೆ ಯೋಜನೆ ಗೀಜನೆ ಗೊತ್ತೇ ಇಲ್ಲ ಎಂಬಂತೆ ಮಾತಾಡುತ್ತಾನೆ. ಅದೇ ಸಿನಿಮಾದ ಮೊದಲ ದೃಶ್ಯದಲ್ಲಿ ಬ್ಯಾಂಕು ದೋಚಿದವನು ಶಾಲೆಯ ಬಸ್ಸಿನಲ್ಲಿ ಹೊರಬೀಳುತ್ತಾನೆ. ಸರಿಯಾಗಿ ಆ ಕ್ಷಣಕ್ಕೆ ಅಲ್ಲಿ ಶಾಲಾ ಬಸ್ಸುಗಳದೇ ಸಾಲು ಹೋಗುತ್ತಿರುತ್ತದೆ! ಅದರ ನಡುವೆ ಸೇರಿಕೊಂಡು ಮಾಯ. ನಮ್ಮೂರ ಬಸ್ಸಿನ ಮೇಲೆ ಇಷ್ಟು ನಂಬಿಕೆ ಇಟ್ಟು ಯಾರೂ ಕಳ್ಳತನಕ್ಕೆ ಇಳಿಯಲಾರರು. ಅವನ ಚೀಲದಲ್ಲಿ ಎಲ್ಲವೂ ಒಪ್ಪ ಓರಣವಾಗಿಯೇ ಇರುತ್ತದೆ. ಗಲಿಬಿಲಿಯೆಲ್ಲ ಬೇರೆಯವರ ಮುಖದ ಮೇಲೆ.

1940ರ ಆ ಕಥೆಯಲ್ಲಿ ಬ್ಯಾಟ್‌ಮ್ಯಾನ್, ಜೋಕರ್ ಇಬ್ಬರೂ ಮೊದಲ ಸಲ ಎದುರುಬದುರಾದದ್ದು ಇಷ್ಟೆಲ್ಲ ಆದಮೇಲೆ. ಎರಡು ಕೊಲೆ ನಡೆದಿದೆ, ವಜ್ರದ ಬೆನ್ನಿಗೆ ಮಾಣಿಕ್ಯವೂ ಹೋಗಿದೆ. ತನ್ನ ಹೊಟ್ಟೆಗೆ ಕಲ್ಲು ಬಿತ್ತೆಂದು ಊರಿನ ಹಳೆಯ ಗೂಂಡಾ ಒಬ್ಬ ಜೋಕರನಿಗೆ ಸವಾಲು ಹಾಕುತ್ತಾನೆ; ಜೋಕರ್ ಅವನನ್ನೂ ಮುಗಿಸುತ್ತಾನೆ. ಅಲ್ಲಿಂದ ಅಟ್ಟಿಸಿಕೊಂಡು ಹೋದ ಬ್ಯಾಟ್‌ಮ್ಯಾನ್ ಸೇತುವೆಯ ಮೇಲೆ ಅವನನ್ನು ಹಿಡಿಯುತ್ತಾನೆ. ಕಪ್ಪು ಮುಸುಕಿನವನು ಒಂದು ಕಡೆ, ಸುಣ್ಣದಂತೆ ಬಿಳುಚಿದ ಮುಖದವನು ಇನ್ನೊಂದು ಕಡೆ. ತನಗೆ ಜೋಡಿಯಾದ ಎದುರಾಳಿ ಕೊನೆಗೂ ಸಿಕ್ಕಿದ ಎಂದು ಬ್ಯಾಟ್‌ಮ್ಯಾನನಿಗೆ ಅನ್ನಿಸುತ್ತದೆ. ಅದರಲ್ಲಿ ಸಣ್ಣ ಸಂತೋಷವೂ ಇದ್ದಂತಿದೆ. ಆ ಸಂತೋಷ ಮುಗಿಯುವುದರೊಳಗೆ ಜೋಕರ್ ಒದೆಯುತ್ತಾನೆ, ನಮ್ಮ ನಾಯಕ ಸೇತುವೆಯಿಂದ ಕೆಳಗೆ ನೀರಿಗೆ ಬೀಳುತ್ತಾನೆ. ಎಂಬತ್ತು ವರ್ಷ ದಾಟಿದ ಜಗಳದ ಮೊದಲ ಭೇಟಿ ಇಷ್ಟೇ. ಒಬ್ಬ ಒದ್ದೆ, ಇನ್ನೊಬ್ಬ ನಾಪತ್ತೆ.

ಆ ಪುಟ ನೋಡುತ್ತಾ ನನಗೆ ನೆನಪಾದದ್ದು ‘ದೇವಿಮಹಾತ್ಮೆ’ ಯಕ್ಷಗಾನದ ಮಹಿಷಾಸುರ. ನಮ್ಮ ಕಡೆ ಈ ಪ್ರಸಂಗಕ್ಕೆ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿಯಾದರೂ ತೋರಿಸುತ್ತಾರೆ. ಉಳಿದ ವೇಷಗಳು ರಂಗಸ್ಥಳದ ಹಿಂದಿನಿಂದ ಬಂದರೆ ಮಹಿಷ ಬರುವುದು ಎದುರಿನಿಂದ, ನೋಡುವ ಜನರ ನಡುವಿನಿಂದ. ದೂರದ ಗದ್ದೆಯಲ್ಲಿ ದೊಂದಿಯ ಬೆಳಕು ಕಾಣುತ್ತದೆ, ರಾಳದ ಪುಡಿ ಎರಚಿದಾಗ ಭಗ್ಗೆಂದು ಬೆಂಕಿ ಏಳುತ್ತದೆ, ಚೆಂಡೆ ಏರುತ್ತದೆ. ಕೋಡು ತಿರುಗಿಸುತ್ತಾ ಆರ್ಭಟ ಕೊಡುತ್ತಾ ಅವನು ನುಗ್ಗುವಾಗ ಕುರ್ಚಿಗಳು ತಾವಾಗಿಯೇ ದಾರಿ ಬಿಡುತ್ತವೆ. ನಾನು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದೆ. ರೇಡಿಯೋದಲ್ಲಿ ಬಂದವನೂ ಹೀಗೇ ಅಲ್ಲವೇ, ಕೇಳುತ್ತಾ ಕುಳಿತವರ ನಡುವಿನಿಂದಲೇ ಎದ್ದು ಬಂದದ್ದು?

ಆದರೆ ಮಹಿಷ ಎಷ್ಟೇ ಗುಡುಗಲಿ, ಸ್ವಲ್ಪ ಹೊತ್ತಿಗೆ ಕುಣಿತ ನಿಲ್ಲಿಸಿ ಮಾತಿಗೆ ತೊಡಗುತ್ತಾನೆ. ತಾಯಿ ಮಾಲಿನಿಯ ಮುಂದೆ ನಿಂತು ತನ್ನ ಹುಟ್ಟಿನ ಕಥೆ ಕೇಳುತ್ತಾನೆ. ದೇವತೆಗಳ ಮೇಲೆ ಯಾಕೆ ಹಗೆ, ಯಾವ ವರದ ಬಲ ಎಲ್ಲವೂ ಅರ್ಥದಲ್ಲಿ ಬಂದೇ ಬರುತ್ತದೆ. ಯಕ್ಷಗಾನದಲ್ಲಿ ಇದಕ್ಕೆ ಪೀಠಿಕೆ ಎನ್ನುತ್ತಾರೆ. ಹಿರಣ್ಯಕಶಿಪುವಿಗೆ ತಮ್ಮನನ್ನು ಕೊಂದ ಸಿಟ್ಟು, ಅದರ ಹಿಂದೆ ವೈಕುಂಠದ ಬಾಗಿಲಲ್ಲಿ ಬಿದ್ದ ಶಾಪ. ರಾವಣನಿಗೆ ತಂಗಿಯ ಮೂಗು. ರಕ್ಕಸನೆಂದರೂ ಅವನಿಗೊಂದು ಮನೆ ಉಂಟು, ಅಮ್ಮ ಉಂಟು, ನ್ಯಾಯವೋ ಅನ್ಯಾಯವೋ ಒಂದು ಕಾರಣ ಉಂಟು. ಪೀಠಿಕೆ ಮುಗಿಯುವಷ್ಟರಲ್ಲಿ ನಾನು ಸೆರಗಿನಿಂದ ಹೊರಗೆ ಬಂದಿರುತ್ತಿದ್ದೆ. ಯಾಕೆ ಎಂದು ಗೊತ್ತಾದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಬ್ಯಾಟ್‌ಮ್ಯಾನನಿಗೂ ಪೀಠಿಕೆ ಇದೆ. 1939ರ ನವೆಂಬರ್ ಸಂಚಿಕೆಯಲ್ಲಿ ಅದನ್ನು ಎರಡೇ ಪುಟದಲ್ಲಿ ಹೇಳಿ ಮುಗಿಸಿದ್ದರು. ಬೀದಿಯಲ್ಲಿ ಕಣ್ಣೆದುರೇ ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ, ಹಾಸಿಗೆಯ ಪಕ್ಕ ಮೊಣಕಾಲೂರಿ ಮಾಡಿದ ಶಪಥ, ಕಿಟಕಿಯಿಂದ ಒಳಬಂದ ಬಾವಲಿ. ಅವನ ಮುಸುಕಿನ ಒಂದೊಂದು ಹೊಲಿಗೆಗೂ ಲೆಕ್ಕ ಉಂಟು. ಜೋಕರನಿಗೆ ಅದು ಯಾವುದೂ ಇಲ್ಲ. ಮೊದಲ ಕಥೆಯಲ್ಲಿ ಅವನ ನಿಜವಾದ ಹೆಸರು ಕೂಡ ಹೇಳುವುದಿಲ್ಲ. ಮುಖ ಹಾಗೆ ಯಾಕಾಯಿತು ಎಂಬ ಮಾತೇ ಇಲ್ಲ. ಹನ್ನೊಂದು ವರ್ಷ ಬಿಟ್ಟು, 1951ರಲ್ಲಿ, ಕೆಂಪು ಮುಸುಕಿನ ಕಳ್ಳನೊಬ್ಬ ರಾಸಾಯನಿಕದ ತೊಟ್ಟಿಗೆ ಹಾರಿ ಹೀಗಾದ ಎಂದು ಒಂದು ಕಥೆ ಕಟ್ಟಿದರು. 1988ರ ‘ದ ಕಿಲ್ಲಿಂಗ್ ಜೋಕ್’ನಲ್ಲಿ ಅಲನ್ ಮೂರ್ ಅದಕ್ಕೆ ಕರುಳು ಹಿಂಡುವ ಸಂಸಾರವೊಂದನ್ನು ಸೇರಿಸಿ, ಇದೂ ನಿಜವೋ ಅಲ್ಲವೋ ಅವನಿಗೇ ನೆನಪಿಲ್ಲ ಎಂದು ಕೈತೊಳೆದುಕೊಂಡ. 2008ರ ಸಿನಿಮಾದಲ್ಲಂತೂ ಬಾಯಿಯ ಗಾಯಕ್ಕೆ ಒಬ್ಬರ ಹತ್ತಿರ ಅಪ್ಪನ ಕಥೆ, ಇನ್ನೊಬ್ಬರ ಹತ್ತಿರ ಹೆಂಡತಿಯ ಕಥೆ. ಕೇಳಿದವರ ಮುಖ ನೋಡಿ ಪೀಠಿಕೆ ಬದಲಿಸುವ ವೇಷ ಇದು. ಭಾಗವತರಿಗೂ ತಾಳ ತಪ್ಪೀತು.

ನಮ್ಮ ಮೇಳಗಳಲ್ಲಿ ಹಾಸ್ಯಗಾರ ಎಂಬ ಒಬ್ಬನಿರುತ್ತಾನೆ. ಅವನಿಗೆ ಸ್ವಂತದ್ದೆಂದು ಒಂದು ಪಾತ್ರವಿಲ್ಲ. ದೂತ ಬೇಕೆ, ಅವನೇ. ಮುದುಕಿ ಬೇಕೆ, ಅವನೇ. ಬಾಗಿಲು ಕಾಯುವವ, ಮದುವೆ ಮಾಡಿಸುವ ಭಟ್ಟ, ರಾಕ್ಷಸನ ಊರಿನ ಚಾರ ಎಲ್ಲವೂ ಅವನೇ. ಎಲ್ಲಿ ಖಾಲಿಯೋ ಅಲ್ಲಿ ಹೋಗಿ ನಿಲ್ಲುತ್ತಾನೆ, ರಮ್ಮಿಯ ಜೋಕರ್ ಎಲೆಯ ಹಾಗೆ, ನಮ್ಮ ಜಗಲಿಯ ‘ಇ 7’ರ ಹಾಗೆ. ಅವನು ಬಂದರೆ ಮಕ್ಕಳಿಗೆ ಧೈರ್ಯ. ಬಣ್ಣದ ವೇಷ ಹೆದರಿಸಿ ಹೋದ ಮೇಲೆ ಅವನು ಬಂದು ನಗಿಸಿ ಹೋಗುತ್ತಾನೆ. ಹೆದರಿಸುವ ಕೆಲಸ ಒಬ್ಬನದು, ನಗಿಸುವ ಕೆಲಸ ಇನ್ನೊಬ್ಬನದು. ಬಣ್ಣ ಹಚ್ಚುವ ಚೌಕಿಯಲ್ಲಿ ಅವರ ಪೆಟ್ಟಿಗೆಗಳೇ ಬೇರೆ. ಒಂದು ರಾತ್ರಿ ಹಾಸ್ಯಗಾರನೇ ಬಣ್ಣದ ವೇಷದ ಕಿರೀಟ ಇಟ್ಟುಕೊಂಡು ಬಂದರೆ? ಯಾವಾಗ ನಗಬೇಕು, ಯಾವಾಗ ಓಡಬೇಕು ಎಂದು ತಿಳಿಯದೆ ಹೋದರೆ? ಅಮೆರಿಕದ ಆ ಹತ್ತು ಸೆಂಟಿನ ಪತ್ರಿಕೆಯಲ್ಲಿ ಆದದ್ದು ಅದು. ಆ ಕಥೆಯಲ್ಲಿ ಒಬ್ಬ ನ್ಯಾಯಾಧೀಶನನ್ನು ಕಾಯಲು ಪೊಲೀಸ್ ಮುಖ್ಯಸ್ಥನೇ ಬಂದು ಕೂರುತ್ತಾನೆ. ಆ ಮುಖ್ಯಸ್ಥನೇ ಜೋಕರ್. ಖಾಲಿ ಜಾಗಕ್ಕೆ ಬಂದು ಕೂತ ಎಲೆ.

ಇಸ್ಪೀಟಿನ ಕಟ್ಟಿಗೆ ಅವನು ಸೇರಿದ್ದು ತೀರಾ ತಡವಾಗಿ. ರಾಜ ರಾಣಿಯರಿಗೆ ಶತಮಾನಗಳ ವಂಶಾವಳಿ ಇದ್ದರೆ ಜೋಕರ್ 1860ರ ದಶಕದಲ್ಲಿ ಅಮೆರಿಕದ ಯೂಕರ್ ಎಂಬ ಆಟಕ್ಕಾಗಿ ಹುಟ್ಟಿದ ಹೆಚ್ಚುವರಿ ಎಲೆ; ಆ ಆಟದಲ್ಲಿ ಎಲ್ಲಕ್ಕಿಂತ ಮೇಲಿನದು. ಆ ಎಲೆಯಿಂದ ಖಳನನ್ನು ಎಬ್ಬಿಸಿದವರು ಯಾರು ಎಂಬುದಕ್ಕೂ ಜಗಳವೇ. ಆಗ ಹದಿಹರೆಯ ದಾಟದ ಜೆರ್ರಿ ರಾಬಿನ್ಸನ್, ಎಲೆಯ ಚಿತ್ರ ಬರೆದು ತಂದವನು ನಾನು ಎಂದ. ಬ್ಯಾಟ್‌ಮ್ಯಾನ್ ಚಿತ್ರಕಾರ ಬಾಬ್ ಕೇನ್, ಅದೆಲ್ಲ ಆಮೇಲಿನ ಮಾತು, ಹುಟ್ಟಿಸಿದವರು ನಾನು ಮತ್ತು ಬಿಲ್ ಫಿಂಗರ್ ಎಂದ. ಕಥೆ ಬರೆದ ಫಿಂಗರ್ ಒಂದು ಸಿನಿಮಾದ ಫೋಟೋ ತಂದು ತೋರಿಸಿದ್ದ. ಮೂವರೂ ತೀರಿಹೋದರು, ವಾದ ತೀರಲಿಲ್ಲ. ಪೀಠಿಕೆಯಿಲ್ಲದವನಿಗೆ ಹೊರಗಿನ ಲೋಕದಲ್ಲೂ ಪೀಠಿಕೆ ದಕ್ಕಲಿಲ್ಲ.

ಆ ಫೋಟೋದ ಕಥೆ ನನಗೆ ಬಹಳ ಇಷ್ಟ. ವಿಕ್ಟರ್ ಹ್ಯೂಗೋ 1869ರಲ್ಲಿ ಬರೆದ ಕಾದಂಬರಿ ‘ನಗುವ ಮನುಷ್ಯ’. ಅದನ್ನು 1928ರಲ್ಲಿ ಪೌಲ್ ಲೆನಿ ಮೂಕಿಚಿತ್ರ ಮಾಡಿದ. ನಾಯಕನ ಪಾತ್ರ ಜರ್ಮನಿಯ ನಟ ಕಾನ್ರಾಡ್ ವೈಟ್‌ನದು. ಚಿಕ್ಕಂದಿನಲ್ಲೇ ಯಾರೋ ಬಾಯಿ ಕತ್ತರಿಸಿ ಮುಖಕ್ಕೆ ನಗು ಅಂಟಿಸಿಬಿಟ್ಟ ಹುಡುಗ ಗ್ವಿನ್‌ಪ್ಲೇನ್. ಜಾತ್ರೆಯ ಆಟದಲ್ಲಿ ಜನ ನಗಲೆಂದು ನಿಲ್ಲುತ್ತಾನೆ. ಒಳಗೆ ಅವನು ಕರುಣೆಯ ಮುದ್ದೆ. ಅಳುವಾಗಲೂ ತುಟಿ ನಗುತ್ತಲೇ ಇರುತ್ತದೆ. ಕೈಯಿಂದ, ಬಟ್ಟೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಲೋಕದ ಅತಿ ಕ್ರೂರ ನಗು ಬಂದದ್ದು ಇಂಥ ಮೆದು ಮನುಷ್ಯನ ಮುಖದಿಂದ. ವೈಟ್‌ನ ಬದುಕೂ ಹಾಗೇ. ನಾತ್ಸಿಗಳು ಬಂದೊಡನೆ, 1933ರಲ್ಲಿ, ಯಹೂದಿ ಹೆಂಡತಿಯೊಡನೆ ಜರ್ಮನಿ ಬಿಟ್ಟ. ಕೊನೆಗೆ ಹಾಲಿವುಡ್ಡು ಅವನಿಗೆ ಕೊಟ್ಟದ್ದು ನಾತ್ಸಿಗಳದೇ ಪಾತ್ರ; ‘ಕಾಸಾಬ್ಲಾಂಕಾ’ದ ಮೇಜರ್ ಸ್ಟ್ರಾಸರ್ ಅವನೇ. ಪುಣ್ಯಕ್ಕೆ ಅವನು ಚಿತ್ರೀಕರಣ ಮುಗಿಸಿ ಆ ಸಮವಸ್ತ್ರ ಬಿಚ್ಚಿಟ್ಟು ಮನೆಗೆ ಹೋಗಬಹುದಿತ್ತು.

ಜೋಕರನನ್ನು ಬ್ಯಾಟ್‌ಮ್ಯಾನ್ ಪತ್ರಿಕೆಯ ಆ ಮೊದಲ ಸಂಚಿಕೆಯಲ್ಲೇ ಮುಗಿಸುವುದೆಂದು ತೀರ್ಮಾನವಾಗಿತ್ತು. ಮೊದಲ ಕಥೆಯ ಕೊನೆಗೆ ಜೈಲು ಸೇರಿದವನು ಅದೇ ಸಂಚಿಕೆಯ ಇನ್ನೊಂದು ಕಥೆಯಲ್ಲಿ ಹೊರಗೆ ಬರುತ್ತಾನೆ. ಎರಡು ಹುಸಿ ಹಲ್ಲುಗಳಲ್ಲಿ ಸ್ಫೋಟಕ ಬಚ್ಚಿಟ್ಟಿದ್ದನಂತೆ. ನಗುವಿನವನಿಗೆ ಹಲ್ಲಿನಲ್ಲಲ್ಲದೆ ಇನ್ನೆಲ್ಲಿ ಜಾಗ? ಕಡೆಯ ಹೊಡೆದಾಟದಲ್ಲಿ ಅವನ ಚೂರಿ ಅವನ ಎದೆಗೇ ನಾಟುತ್ತದೆ. ಖಳ ಮತ್ತೆ ಮತ್ತೆ ತಪ್ಪಿಸಿಕೊಂಡರೆ ನಾಯಕ ಕೈಲಾಗದವನಂತೆ ಕಂಡಾನು ಎಂಬುದು ಬರೆದವರ ಲೆಕ್ಕ. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಒಪ್ಪಲಿಲ್ಲ. ಕೊನೆಯಲ್ಲಿ ಅವಸರವಸರವಾಗಿ ಒಂದು ಚೌಕ ಸೇರಿಸಿದರು: ಆಂಬುಲೆನ್ಸಿನಲ್ಲಿ ವೈದ್ಯ ನೋಡುತ್ತಾನೆ, ಇವನಿಗೆ ಇನ್ನೂ ಜೀವವಿದೆ, ಬದುಕುತ್ತಾನೆ. ಆ ಒಂದು ಚೌಕದ ಉಸಿರಿನಲ್ಲಿ ಅವನು ಇಂದಿನವರೆಗೆ ಬಂದಿದ್ದಾನೆ. ದೇವಿ ತ್ರಿಶೂಲ ಎತ್ತಿದ ಹೊತ್ತಿಗೆ ಮೇಳದ ಯಜಮಾನರು ಓಡಿ ಬಂದು, ‘ಈತ ನಾಳೆಯ ಆಟಕ್ಕೂ ಬೇಕು’ ಎಂದು ತಡೆದ ಹಾಗೆ.

ಆಮೇಲೆ ಆ ವೇಷ ಕಟ್ಟಿದವರು ಎಷ್ಟೋ ಜನ. ನನಗೆ ಅವರಲ್ಲಿ ಸೀಸರ್ ರೊಮೇರೋನನ್ನು ಕಂಡರೆ ವಿಶೇಷ ಪ್ರೀತಿ. 1966ರ ಟೆಲಿವಿಷನ್ ಸರಣಿಗೆ ಜೋಕರನಾಗಲು ಒಪ್ಪಿದ, ಮೀಸೆ ಬೋಳಿಸಲು ಮಾತ್ರ ಒಪ್ಪಲಿಲ್ಲ. ಮೀಸೆಯ ಮೇಲೆಯೇ ಬಿಳಿ ಬಳಿದರು. ದೀಪ ಸರಿಯಾಗಿ ಬಿದ್ದಾಗ ನೋಡಬೇಕು: ಸುಣ್ಣ ಹೊಡೆದ ಗೋಡೆಯ ಒಳಗಿನಿಂದ ಹುಲ್ಲು ಇಣುಕಿದಂತೆ ಅದು ಕಾಣುತ್ತದೆ. ಅಲ್ಲಿ ಒಬ್ಬ ಮನುಷ್ಯನಿದ್ದಾನೆ, ಸಂಜೆ ಇದನ್ನೆಲ್ಲ ತೊಳೆದುಕೊಂಡು ಊಟಕ್ಕೆ ಹೋಗುತ್ತಾನೆ ಎಂದು ಆ ಮೀಸೆ ಹೇಳುತ್ತದೆ. 2008ರ ಜೋಕರನಲ್ಲಿ ಅಂಥ ಮೀಸೆ ಇಲ್ಲ. ಆ ವೇಷ ಕಟ್ಟಿದ ಹೀತ್ ಲೆಜರ್ ಆ ವರ್ಷದ ಜನವರಿಯಲ್ಲಿ, ಸಿನಿಮಾ ತೆರೆಗೆ ಬರುವ ಮೊದಲೇ, 28ರ ವಯಸ್ಸಿನಲ್ಲಿ ತೀರಿಕೊಂಡ. ಮರುವರ್ಷದ ಆಸ್ಕರನ್ನು ಅವನ ಮನೆಯವರು ವೇದಿಕೆಗೆ ಹೋಗಿ ತೆಗೆದುಕೊಂಡರು. ಚಿತ್ರ ನೋಡುವಾಗ ಆ ಅರ್ಧ ಕರಗಿದ ಬಣ್ಣವನ್ನು ಯಾರಾದರೂ ಒರೆಸಬಾರದೇ ಎಂದು ನನಗೆ ಅನ್ನಿಸುತ್ತಲೇ ಇತ್ತು.

ಬ್ಯಾಟ್‌ಮ್ಯಾನ್ ಬೆಳಗಾಗುವಾಗ ಮುಸುಕು ತೆಗೆಯುತ್ತಾನೆ. ಆಕಳಿಸುತ್ತಾ ತಿಂಡಿಗೆ ಕೂರುತ್ತಾನೆ, ಏನೂ ಕೆಲಸವಿಲ್ಲದ ಶ್ರೀಮಂತನ ಹಾಗೆ ನಟಿಸುತ್ತಾನೆ. ಚಿತ್ರಕಥೆಯ ಜೋಕರನದು ಮುಖವಾಡವಲ್ಲ, ಮುಖ. ಬಿಳಿ ಚರ್ಮ, ಹಸಿರು ಕೂದಲು, ಕೆಂಪು ತುಟಿ ಎಲ್ಲ ಮೈಗೇ ಹತ್ತಿದ್ದು. ಆಟ ಮುಗಿದರೂ ಅವನಿಗೆ ಹೋಗಲು ಚೌಕಿಯಿಲ್ಲ.

ಚೌಕಿ ಎಂದರೆ ಬಣ್ಣಗಾರಿಕೆಯ ಜಾಗ. ಅದನ್ನು ನಾನು ಮೊದಲು ಕಂಡದ್ದು ಮಹಿಷನನ್ನು ಕಂಡ ಅದೇ ರಾತ್ರಿ. ವಧೆ ಮುಗಿದಿತ್ತು, ನಸುಕಿಗೆ ಇನ್ನೂ ಹೊತ್ತಿತ್ತು, ರಂಗಸ್ಥಳದಲ್ಲಿ ಶುಂಭ ನಿಶುಂಭರ ಕಥೆ ಸಾಗುತ್ತಿತ್ತು. ಕಿರಿಯ ಮಾವ, ಬಾಲ್‌ಪೆನ್ನಿನ ಮಾವನೇ, ‘ಬಾ, ನಿನ್ನ ಕೋಣ ಎಲ್ಲಿ ಹೋಯ್ತು ತೋರಿಸ್ತೇನೆ’ ಎಂದು ಎಳೆದುಕೊಂಡು ಹೋದ. ತೆಂಗಿನ ಗರಿಯ ಚಪ್ಪರದೊಳಗೆ ಸಾಲಾಗಿ ಪೆಟ್ಟಿಗೆಗಳು, ತೂಗುಹಾಕಿದ ದಗಲೆಗಳು, ಬೆವರು ಮತ್ತು ಬಣ್ಣದ ವಾಸನೆ. ಮೂಲೆಯಲ್ಲಿ ಕೋಡಿನ ಕಿರೀಟ ನೆಲದ ಮೇಲಿತ್ತು. ಅದರ ಪಕ್ಕ ಬರಿ ಮೈಯ, ಸಣ್ಣ ಹೊಟ್ಟೆಯ ಒಬ್ಬರು ಕುಳಿತು, ಬಾಟಲಿಯಿಂದ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ಉಜ್ಜುತ್ತಿದ್ದರು. ಕಪ್ಪು, ಕೆಂಪು, ಬಿಳಿ ಎಲ್ಲ ಒಂದಾಗಿ ಗದ್ದದಿಂದ ಇಳಿಯುತ್ತಿತ್ತು. ಹಳೆ ಪಂಚೆಯ ತುಂಡಿನಲ್ಲಿ ಒರೆಸಿದಷ್ಟೂ ಒಳಗಿನಿಂದ ನಮ್ಮ ಪೇಟೆಯ ಯಾವುದೋ ಅಂಗಡಿಯವರಂಥ ಮುಖ ಹೊರಗೆ ಬಂತು.

‘ಎಂತ ಮಾಣಿ, ಹೆದರಿದ್ಯಾ?’ ಎಂದು ಕೇಳಿದರು. ಆರ್ಭಟ ಕೊಟ್ಟ ಗಂಟಲು ಒಡೆದು ಹೋಗಿತ್ತು.

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ನಕ್ಕರು. ಅದು ಸಾಮಾನ್ಯ ನಗು, ಬಂತು, ಹೋಯಿತು. ಮತ್ತೆ ಕತ್ತು ಒರೆಸತೊಡಗಿದರು. ನನಗೆ ತಡೆಯಲಾಗಲಿಲ್ಲ.

‘ಕಿವಿಯ ಹಿಂದೆ ಇನ್ನೂ ಕೆಂಪು ಉಂಟು ಮಾವ’ ಎಂದೆ.

ಅವರು ಬಟ್ಟೆಯ ಮೂಲೆಯನ್ನು ಎಣ್ಣೆಯಲ್ಲಿ ಅದ್ದಿ ಕಿವಿಯ ಹಿಂದೆ ತಿಕ್ಕಿಕೊಂಡು, ತಲೆ ಬಾಗಿಸಿ ನನ್ನ ಮುಂದೆ ಹಿಡಿದರು.

‘ಈಗ ಹೋಯ್ತಾ?’

‘ಹೋಯ್ತು.’